ಒಂದು ಹಾಡಿನ ಹಿಂದೆ ಮರೆಯಾದ ಆಲ್ಬಮ್

ಕೇಳುಗರೇ, ನಮಸ್ಕಾರ.

'ವಾಕ್ ಅವೇ ರೆನೇ' ಅನ್ನೋ ಹಳೆಯ ಇಂಗ್ಲಿಷ್ ಹಾಡನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಹಾಡಿದ್ದು ನ್ಯೂಯಾರ್ಕಿನ 'ಲೆಫ್ಟ್ ಬ್ಯಾಂಕ್' ತಂಡ. 1966ರಲ್ಲಿ ಅದು ಅಮೆರಿಕದ ಚಾರ್ಟಿನಲ್ಲಿ 5ನೇ ಸ್ಥಾನಕ್ಕೆ ಏರಿತ್ತು. ಆಮೇಲೆ 'ಫೋರ್ ಟಾಪ್ಸ್' ಅನ್ನೋ ಗಾಯಕರ ತಂಡ ಕೂಡ ಹಾಡಿತು, ಹಾಗಾಗಿ ಹಾಡು ಉಳಿಯಿತು. ಆದರೆ ಆ ಹಾಡಿರುವ ಆಲ್ಬಮ್ ಇದೆಯಲ್ಲ, 1967ರಲ್ಲಿ ಬಂದ ತಂಡದ ಮೊದಲ ಆಲ್ಬಮ್ 'ವಾಕ್ ಅವೇ ರೆನೇ/ಪ್ರಿಟಿ ಬ್ಯಾಲೆರಿನಾ', ಅದನ್ನು ಪೂರ್ತಿ ಕೇಳಿದವರು ತೀರಾ ಕಡಿಮೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಮೈಕಲ್ ಬ್ರೌನ್. ಅಪ್ಪ ಹ್ಯಾರಿ ಲುಕಾಫ್‌ಸ್ಕಿ ಒಳ್ಳೆಯ ಪಿಟೀಲು ವಾದಕ, ಶಾಸ್ತ್ರೀಯ ಸಂಗೀತವೂ ಗೊತ್ತು, ಜಾಝ್ ಕೂಡ ಗೊತ್ತು, ಮ್ಯಾನ್‌ಹಟನ್‌ನಲ್ಲಿ ಸ್ವಂತ ಸ್ಟುಡಿಯೋ ಬೇರೆ ಇತ್ತು. ಹುಡುಗರಿಗೆ ಇನ್ನೇನು ಬೇಕು? ರೆನೇ ಅನ್ನುವವಳು ಬಾಸ್ ಗಿಟಾರ್‌ನ ಟಾಮ್ ಫಿನ್ ಅವರ ಗೆಳತಿ. ಮೈಕಲ್ ಅವಳನ್ನು ಮನಸ್ಸಿನಲ್ಲೇ ಇಷ್ಟಪಟ್ಟು ಆ ಹಾಡು ಕಟ್ಟಿದಾಗ ಅವರಿಗೆ ಬರೀ 16 ವರ್ಷ. ರೆಕಾರ್ಡಿಂಗ್ ಹೊತ್ತಿಗೆ ಅವಳೂ ಸ್ಟುಡಿಯೋಗೆ ಬಂದಿದ್ದಳಂತೆ, ಇವರ ಕೈ ನಡುಗಿ ನುಡಿಸೋಕೇ ಆಗಲಿಲ್ಲ. ಆಮೇಲೆ ಬಂದು ಹಾರ್ಪ್ಸಿಕಾರ್ಡ್ ಭಾಗವನ್ನು ಮುಗಿಸಿದರು. ಹಾರ್ಪ್ಸಿಕಾರ್ಡ್ ನೋಡೋಕೆ ಪಿಯಾನೋ ತರಹ, ಆದರೆ ಒಳಗೆ ತಂತಿಯನ್ನು ಹೊಡೆಯುವುದಿಲ್ಲ, ಮೀಟುತ್ತದೆ. ಆ ಚುರುಕಾದ ನಾದವೇ ಆಲ್ಬಮ್ಮಿನ ಜೀವ.

ಮೊದಲ ಹಾಡು 'ಪ್ರಿಟಿ ಬ್ಯಾಲೆರಿನಾ'. ನನ್ನ ಮಟ್ಟಿಗೆ ರೆನೇ ಹಾಡಿಗಿಂತ ಇದೇ ಒಂದು ಕೈ ಮೇಲು. 1967ರಲ್ಲಿ ಅಮೆರಿಕದ ಹೆಸರಾಂತ ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಇದನ್ನು ಎತ್ತಿ ಹೇಳಿದರು: ಇದು ಮಾಮೂಲಿ ಮೇಜರ್ ಅಥವಾ ಮೈನರ್ ಸ್ವರಶ್ರೇಣಿ ಅಲ್ಲ, ಲಿಡಿಯನ್ ಮತ್ತು ಮಿಕ್ಸೊಲಿಡಿಯನ್ ಅನ್ನೋ ಎರಡು ಹಳೆಯ ಶ್ರೇಣಿಗಳು ಸೇರಿದ್ದು ಅಂತ. ಕರ್ನಾಟಕ ಸಂಗೀತ ಕೇಳುವವರಿಗೆ ಹೇಳೋದಾದರೆ, ಪ್ರತಿ ಮಧ್ಯಮ, ಕೈಶಿಕಿ ನಿಷಾದ, ಅಂದರೆ ನಮ್ಮ ವಾಚಸ್ಪತಿಯ ಸ್ವರಗಳು. ರಾಗ ಅದೇ ಅಂತಲ್ಲ. ಆದರೆ ಆ ಮಧ್ಯಮ ಬಂದು ನಿಂತಾಗ ಕಿವಿ ತಾನಾಗೇ ನೆಟ್ಟಗಾಗುತ್ತದೆ. ನಡುವೆ ಓಬೋ ಅನ್ನೋ ಊದುವ ವಾದ್ಯ ಬರುತ್ತದೆ, ಎಷ್ಟು ಹಿತವಾಗಿದೆ ಗೊತ್ತಾ!

'ಬಾರ್ಟರರ್ಸ್ ಆ್ಯಂಡ್ ದೇರ್ ವೈವ್ಸ್' ಮತ್ತು 'ಶೀ ಮೇ ಕಾಲ್ ಯೂ ಅಪ್ ಟುನೈಟ್' ಕೇಳುವಾಗ ದನಿಗಳ ಕಡೆ ಗಮನ ಕೊಡಿ. ತಂಡದ ಗಾಯಕ ಸ್ಟೀವ್ ಮಾರ್ಟಿನ್ ಅವರ ಎತ್ತರದ ದನಿಯ ಜೊತೆ ಫಿನ್ ಮತ್ತು ಡ್ರಮ್ಸ್‌ನ ಜಾರ್ಜ್ ಕ್ಯಾಮರನ್ ದನಿ ಸೇರಿಸುತ್ತಾರೆ, ಯಾರೂ ಯಾರನ್ನೂ ಮುಚ್ಚುವುದಿಲ್ಲ. ಪಿಟೀಲುಗಳೂ ಅಷ್ಟೇ, ಬೇಕಾದ ಕಡೆ ಬಂದು ಹೋಗುತ್ತವೆ. ಕೊನೆಯ 'ಲೇಜಿ ಡೇ' ಜೋರು ಗಿಟಾರಿನ ಹಾಡು, ಸಾಧಾರಣ.

ಇಷ್ಟಿದ್ದೂ ಯಾಕೆ ಮರೆತುಹೋಯಿತು? ಜಗಳ. ಬ್ರೌನ್ ಬೇರೆಯವರನ್ನು ಕಟ್ಟಿಕೊಂಡು ಅದೇ ಹೆಸರಿನಲ್ಲಿ ಹೊಸ ಹಾಡು ಬಿಟ್ಟರು, ಉಳಿದವರು ವಕೀಲರ ಹತ್ತಿರ ಹೋದರು. ಯಾವ ಲೆಫ್ಟ್ ಬ್ಯಾಂಕ್ ನಿಜವಾದದ್ದು ಅಂತ ರೇಡಿಯೋದವರಿಗೇ ಗೊಂದಲ. ಎರಡು ಕಡೆಯ ಹಾಡುಗಳೂ ಬಿದ್ದುಹೋದವು. ಅಷ್ಟು ಚೆಂದದ 'ಶೀ ಮೇ ಕಾಲ್ ಯೂ' ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಂದರೂ ಮೇಲೇರಲಿಲ್ಲ. ಆಲ್ಬಮ್ 67ನೇ ಸ್ಥಾನದಲ್ಲೇ ನಿಂತಿತು.

2011ರಲ್ಲಿ ಸನ್‌ಡೇಜ್ಡ್ ಕಂಪನಿ ಇದನ್ನು ಮತ್ತೆ ಹೊರತಂದಿತು. ಹುಡುಕಿ ಕೇಳಿ. ಒಟ್ಟು 11 ಹಾಡು, ಅರ್ಧ ಗಂಟೆಯೂ ಇಲ್ಲ. ರೆನೇ ಹಾಡು ರೆಕಾರ್ಡಿನ ಎರಡನೇ ಬದಿಯ ಶುರುವಿಗೆ ಬರುತ್ತದೆ, ದಯವಿಟ್ಟು ನೇರ ಅಲ್ಲಿಗೆ ಹಾರಬೇಡಿ, ಮೊದಲ ಬದಿಯಿಂದಲೇ ಹೊರಡಿ.

ನಮಸ್ಕಾರ.