ಚೀಟಿ ಬೇಡದ ಮಾತ್ರೆಗೂ ಲೆಕ್ಕ ಬೇಕು

ನಮಸ್ಕಾರ. ಹಿಂದಿನ ಸಂಚಿಕೆಯ ಕೆಳಗೆ ನೋವಿನ ಮಾತ್ರೆಯ ಬಗ್ಗೆ ಒಬ್ಬರು ಬರೆದಿದ್ದಾರೆ: "ವೈದ್ಯರ ಚೀಟಿಯೇ ಇಲ್ಲದೆ ಸಿಗುವ ಮಾತ್ರೆ ಇದು. ಅಪಾಯವಿದ್ದರೆ ಹಾಗೆ ಮಾರುತ್ತಿದ್ದರೇ?" ಓದಿ ಸಿಟ್ಟು ಬಂತು. ಅದಕ್ಕೆ ಬಿದ್ದ ಲೈಕುಗಳನ್ನು ನೋಡಿ ಇನ್ನಷ್ಟು ಬಂತು. ಚೀಟಿ ಬೇಡದ ಮಾತ್ರೆಗೂ ಲೆಕ್ಕ ಬೇಕು. ಇವತ್ತು ನಾನು ಹೇಳುವುದು ಇದೊಂದೇ.

ಪ್ಯಾರಾಸಿಟಮಾಲ್ ವಿಷಯವನ್ನೇ ನೋಡಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ. ತೂಕ ಕಡಿಮೆ ಇರುವವರಿಗೆ, ಮದ್ಯದ ಅಭ್ಯಾಸವಿರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಅಷ್ಟು ಯಾರು ನುಂಗುತ್ತಾರೆ ಎನ್ನುತ್ತೀರಾ? ತಲೆನೋವಿಗೆ ಒಂದು, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು. ಹೆಸರು ಮೂರು, ಮೂರರ ಒಳಗೂ ಅದೇ ಪ್ಯಾರಾಸಿಟಮಾಲ್ ಇರಬಹುದು. ಯಕೃತ್ತು ಅದನ್ನು ಒಡೆಯುವಾಗ ಹುಟ್ಟುವ ಒಂದಿಷ್ಟು ವಿಷವನ್ನು ಗ್ಲುಟಾಥಯಾನ್ ಎಂಬ ವಸ್ತು ಅಡಗಿಸುತ್ತದೆ. ಆ ದಾಸ್ತಾನು ಬರಿದಾದರೆ ಯಕೃತ್ತಿನ ಜೀವಕೋಶಗಳೇ ಸಾಯತೊಡಗುತ್ತವೆ. ಮೊದಲ ದಿನ ನಿಮಗೆ ಏನೂ ಗೊತ್ತಾಗದೇ ಇರಬಹುದು! ಪ್ರತಿವಿಷ ಇದೆ, ಅಸಿಟೈಲ್‌ಸಿಸ್ಟೀನ್. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಗಳೊಳಗೆ ಕೊಟ್ಟರೆ. ಮಿತಿ ಮೀರಿತೆಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಮಾರುತ್ತಿದ್ದರೇ ಎಂದು ಕೇಳಿದವರಿಗೆ ಉತ್ತರ: ಬ್ರಿಟನ್ 1998ರಲ್ಲಿ ಒಂದು ಪೊಟ್ಟಣದಲ್ಲಿ ಎಷ್ಟು ಪ್ಯಾರಾಸಿಟಮಾಲ್ ಮಾತ್ರೆ ಇರಬೇಕೆಂದೇ ಮಿತಿ ಹಾಕಿತು, ಸಾಮಾನ್ಯ ಅಂಗಡಿಗಳಲ್ಲಿ 16. ಮಾರುವವರೇ ಎಣಿಸುತ್ತಾರೆ. ನುಂಗುವ ನೀವು ಎಣಿಸುವುದಿಲ್ಲ!

"ಹಾಗಾದರೆ ಐಬುಪ್ರೊಫೇನ್ ನುಂಗುತ್ತೇವೆ" ಎನ್ನುವವರು ಮುಂದಿನ ಸಾಲಿನಲ್ಲಿ ನಿಂತಿದ್ದಾರೆ. ಅದೂ ನೋವಿನ ಮಾತ್ರೆಯೇ. ನೋವು ಹುಟ್ಟಿಸುವ, ದೇಹವೇ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಅದು ತಡೆಯುತ್ತದೆ, ನಿಜ. ಜಠರದ ಒಳಪದರವನ್ನು ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅವೇ. ಅದಕ್ಕೇ ಹುಣ್ಣು, ರಕ್ತಸ್ರಾವ. ವಾಂತಿಭೇದಿಯಿಂದ ದೇಹ ನೀರು ಕಳೆದುಕೊಂಡಿರುವಾಗ ನುಂಗಿದರೆ ಮೂತ್ರಪಿಂಡಕ್ಕೆ ನೇರ ಪೆಟ್ಟು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಲೆಕ್ಕ ಬೇಕು ಸ್ವಾಮಿ, ಲೆಕ್ಕ!

"ವರ್ಷಗಟ್ಟಲೆ ನುಂಗಿದ್ದೇನೆ, ಏನೂ ಆಗಿಲ್ಲ" ಎಂಬ ವಾದವನ್ನು ನಾನು ವಾದವೆಂದೇ ಒಪ್ಪುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಕೆಡುತ್ತಿರುವ ಮೂತ್ರಪಿಂಡ ಬಹುಕಾಲ ಸದ್ದೇ ಮಾಡುವುದಿಲ್ಲ. ತಲೆನೋವಿನವರು ಇದನ್ನೂ ಕೇಳಿ: ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ಇಂಥ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಆ ನೋವಿಗೆ ಮತ್ತೆ ಅದೇ ಮಾತ್ರೆ! ಇದರ ಬಗ್ಗೆ ಪೂರ್ತಿ ಒಂದು ಸಂಚಿಕೆ ಮಾಡುತ್ತಿದ್ದೇನೆ, ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ.

ಲೈಕ್ ಒತ್ತಿದವರೇ, ಈಗಲೇ ಎದ್ದು ನಿಮ್ಮ ಮಾತ್ರೆಗಳ ಪೊಟ್ಟಣಗಳನ್ನೆಲ್ಲ ಹೊರಗೆ ತೆಗೆಯಿರಿ. ದೊಡ್ಡಕ್ಷರದ ಹೆಸರು ಬಿಡಿ, ಹಿಂದಿರುವ ಸಣ್ಣಕ್ಷರ ಓದಿ. ಎಷ್ಟರಲ್ಲಿ ಒಂದೇ ಔಷಧ ಇದೆ ಎಂದು ಕೆಳಗೆ ಬರೆಯಿರಿ. ಪ್ರತಿಯೊಂದನ್ನೂ ಓದುತ್ತೇನೆ.