ಸಮುದ್ರಕ್ಕೆ ಹೋದ ನೀರು ದಂಡವೇ?

ಎಲ್ಲರಿಗೂ ನಮಸ್ಕಾರ.

ಅಘನಾಶಿನಿ ಹೊಳೆ ಹುಟ್ಟುವ ಜಾಗಗಳಲ್ಲಿ ಒಂದಾದ ಶಂಕರಹೊಂಡ ನಮ್ಮ ಶಿರಸಿ ಪೇಟೆಯಲ್ಲೇ ಇದೆ. ಅದನ್ನು ಎಲ್ಲರೂ ನೋಡಿದ್ದೀರಿ. ಆದರೆ ಹೊಳೆ ಸಮುದ್ರ ಸೇರುವ ಕಡೆ ಎಷ್ಟು ಜನ ಹೋಗಿದ್ದೀರಿ? ಗೋಕರ್ಣಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡಿದ್ದು ಲೆಕ್ಕಕ್ಕಿಲ್ಲ.

ಈ ಹೊಳೆಯ ಬಗ್ಗೆ ನಾನು ಪದೇ ಪದೇ ಕೇಳುವ ಮಾತು ಒಂದೇ. "ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ದಂಡ ಆಗ್ತದಲ್ಲ!" ವೇದಾವತಿ ನದಿಗೆ ತಿರುಗಿಸೋಣ ಎನ್ನುವ ಯೋಜನೆಯ ಹಿಂದೆಯೂ ಇದೇ ಲೆಕ್ಕ ಇದೆ. ಸರಿ, ಆ ನೀರಿನ ಜತೆಗೇ ಘಟ್ಟ ಇಳಿದು ನೋಡೋಣ.

ಉಂಚಳ್ಳಿ ಜಲಪಾತದ ಸುತ್ತಿನ ಕಾಡು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿನ ಕಣಿವೆಗಳಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು. ಕೆಸರಿನಲ್ಲಿ ಉಸಿರಾಡಲು ಮರದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದಿರುತ್ತವೆ. ಬೇಸಿಗೆಯಲ್ಲೂ ಅಲ್ಲಿ ನೀರು ಜಿನುಗುತ್ತದೆ. ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಕಾಡಿನ ನೀರು, ಮಣ್ಣು, ಕೊಳೆತ ಎಲೆಯ ಸಾರ ಎಲ್ಲ ನೇರ ಕುಮಟಾ ಕಡೆ ಇಳಿಯುತ್ತದೆ.

ಅಲ್ಲಿರುವುದು ಗಜನಿ ಗದ್ದೆ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆ ಹಿಡಿದು, ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪುನೀರಲ್ಲಿ ಕೆಲವು ದಿನ ಮುಳುಗಿದರೂ ಸಾಯದ ತಳಿ ಅದು. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಕಟ್ಟಿನ ಗೇಟು ತೆಗೆದರೆ ಮೀನು, ಸಿಗಡಿ ಒಳಗೆ ಬರುತ್ತವೆ. ಕೊಳೆತ ಕೂಳೆಯೇ ಅವಕ್ಕೆ ಆಹಾರ. 1970ರ ದಶಕದಲ್ಲಿ ಮಣ್ಣಿನ ಕಟ್ಟು ಹೋಗಿ ಶಾಶ್ವತ ಕಟ್ಟು ಬಂತು. ಆಮೇಲೆ ಸಿಗಡಿ ಕೃಷಿ ಬಂತು, ಅದಕ್ಕೆ ರೋಗವೂ ಬಂತು. ಎಷ್ಟೋ ಗಜನಿಗಳಿಗೆ ಕಗ್ಗ ಮಾತ್ರ ವಾಪಸ್ ಬರಲಿಲ್ಲ.

ಇನ್ನು ಬಳಚು, ಹೊಳೆಯ ಕೆಸರಲ್ಲಿ ಸಿಗುವ ಚಿಪ್ಪಿನ ಜೀವಿ. ನಾನು ತಿನ್ನುವವನಲ್ಲ, ಆದರೂ ಹೇಳುತ್ತೇನೆ. ಅದಕ್ಕೆ ಬರೀ ಸಿಹಿನೀರೂ ಆಗದು, ಬರೀ ಉಪ್ಪುನೀರೂ ಆಗದು. ಎರಡೂ ಹದವಾಗಿ ಬೆರೆಯಬೇಕು. ನೀರು ಇಳಿದಾಗ ಹೆಂಗಸರು, ಗಂಡಸರು ಹೊಳೆಗಿಳಿದು ಬಳಚು ಹೆಕ್ಕುತ್ತಾರೆ. ಅವರ ಮನೆಯ ಒಲೆ ಉರಿಯುವುದು ನಾವು ದಂಡ ಅಂದ ನೀರಿನಿಂದ, ಅಲ್ವಾ?

ಇದೇ ಅಳಿವೆಯ ದಡದ ತದಡಿಗೆ ಬರಬೇಕಿದ್ದ 4000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಕೆಳಗೆ ಬೋರ್ಡು ಹಾಕಿದರೆ ಮೇಲಿಂದ ನೀರು ಬಂದುಬಿಡುತ್ತದಾ?

ಮೇಲಿರುವವರು ನಾವು. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರಲು ಬಿಟ್ಟ ಕಾಡು, ಅನುಭವಿಸಿದವರು. ದರಕು, ಅಂದರೆ ಉದುರಿದ ಒಣ ಎಲೆ, ಎಲ್ಲ ಗುಡಿಸಿ ನೆಲ ಬೋಳು ಮಾಡಿದರೆ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ಎರಡು ವರ್ಷದಿಂದ ನಾನು ಅರ್ಧ ಬೆಟ್ಟದ ದರಕು ಮುಟ್ಟಿಲ್ಲ. ತೋಟಕ್ಕೆ ಸೊಪ್ಪು ಸಾಲುತ್ತಿಲ್ಲ ಅಂತ ಮನೆಯಲ್ಲಿ ದಿನಾ ಜಗಳ. ಆ ಜಗಳಕ್ಕೆ ಇನ್ನೂ ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ.