ಬೀರುವಿನ ಬೀಗ ಮತ್ತು ಮಗುವಿನ ಆಯ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಯಾವ ಪುಸ್ತಕ ಓದಬೇಕೆಂಬುದನ್ನು ಗುರುಗಳು ಗೊತ್ತುಮಾಡಬೇಕೋ, ಮಕ್ಕಳೇ ಆರಿಸಿಕೊಳ್ಳಬೇಕೋ ಎಂಬ ಚರ್ಚೆ ಶಿಕ್ಷಕರು ನಾಲ್ವರು ಸೇರಿದಲ್ಲೆಲ್ಲ ಎದ್ದೇ ಏಳುತ್ತದೆ. ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಈ ವಿಷಯದಲ್ಲಿ ಒಂದು ನಿಲುವು ಇದೆ. ಜೊತೆಗೂಡಿ ಓದುವುದನ್ನು ಗುರುಗಳು ಆರಿಸಲಿ. ಒಬ್ಬರೇ ಕುಳಿತು ಓದುವುದನ್ನು ಮಕ್ಕಳು ಆರಿಸಲಿ.

ಹತ್ತನೆಯ ತರಗತಿಯ ಮಕ್ಕಳಿಗೆ ಕುಮಾರವ್ಯಾಸನ ಕರ್ಣಪ್ರಸಂಗವನ್ನು ಪಾಠ ಮಾಡಿದವರಿಗೆ ನನ್ನ ಮಾತಿನ ಮೊದಲರ್ಧ ಕೂಡಲೇ ತಿಳಿಯುತ್ತದೆ. ತಾನಾಗಿ ಆ ಕಾವ್ಯವನ್ನು ಕೈಗೆತ್ತಿಕೊಳ್ಳುವ ಮಗು ಬಲು ಅಪರೂಪ. ಆದರೆ ಗುರುಗಳು ಭಾಮಿನಿ ಷಟ್ಪದಿಯನ್ನು ರಾಗವಾಗಿ ವಾಚಿಸಿ, ಪದ ಬಿಡಿಸಿ, ಅನ್ವಯ ಹೇಳಿದಾಗ, ಕೃಷ್ಣನ ಬಾಯಿಂದ ತನ್ನ ಹುಟ್ಟಿನ ಗುಟ್ಟು ಕೇಳಿದ ಕರ್ಣನ ಕಣ್ಣಲ್ಲಿ ನೀರು ತುಂಬುವ ಆ ಗಳಿಗೆಗೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೂರುವುದನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಆ ಹೊಳೆಯನ್ನು ಕೈಹಿಡಿದೇ ದಾಟಿಸಬೇಕು.

ಆದರೆ ಅಷ್ಟರಿಂದಲೇ ಮಗು ಓದುಗನಾಗುವುದಿಲ್ಲ. ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸುವ ಪ್ರಶ್ನೆಗೆ ನಮ್ಮ ಮಕ್ಕಳು ಬರೆಯುವ ಉತ್ತರದ ಮೊದಲ ಪದವೇ ‘ಆಯ್ಕೆ’. ಈ ವಾಕ್ಯವನ್ನು ಇಂಥ ಪಾಠದಿಂದ ಆರಿಸಲಾಗಿದೆ ಎಂದು ಕಂಠಪಾಠ ಮಾಡಿಕೊಂಡು ಬರೆಯುವ ಹುಡುಗಿ, ತಾನಾಗಿ ಒಂದು ಪುಸ್ತಕವನ್ನೂ ಆರಿಸದೆ ಶಾಲೆ ಮುಗಿಸಿಬಿಡಬಹುದು. ಇದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗದ್ಯಪಾಠ ಓದಲು ನಿಲ್ಲಿಸಿದರೆ ಸಾಲಿಗೆರಡು ಕಡೆ ತಡವರಿಸುತ್ತಿದ್ದ. ಒಂದು ಶನಿವಾರ ಪುಸ್ತಕಗಳನ್ನೆಲ್ಲ ಜಗಲಿಯ ಮೇಲೆ ಹರಡಿದಾಗ ಅವನು ಎತ್ತಿಕೊಂಡದ್ದು ನೀರಾವರಿ ಪಂಪುಗಳನ್ನು ಕುರಿತ ತೆಳ್ಳನೆಯ ಪುಸ್ತಕ. ಬಾವಿಯೊಳಗಿನ ಪೈಪಿನ ಚಿತ್ರದ ಮೇಲೆ ಬೆರಳಿಟ್ಟು, ಫುಟ್‌ವಾಲ್ವ್ ಸೋರಿದರೆ ಮೋಟಾರು ನೀರೆತ್ತದಿರಲು ಕಾರಣವೇನೆಂಬುದನ್ನು ಗಂಟೆ ಬಾರಿಸಿದ್ದೂ ತಿಳಿಯದಂತೆ ಓದುತ್ತಿದ್ದ. ಪದಗಳು ಸುಲಭವಾಗಿರಲಿಲ್ಲ, ಆದರೆ ಮನೆಯ ತೋಟದಲ್ಲಿ ಅಪ್ಪನ ಜೊತೆ ಕಂಡದ್ದೇ ಪುಟದಲ್ಲಿ ಇದ್ದುದರಿಂದ ಆ ಕಷ್ಟವನ್ನು ಅವನು ಲೆಕ್ಕಕ್ಕಿಡಲಿಲ್ಲ. ನಾನು ಸಂತೋಷಪಟ್ಟು ಒಂದು ತಪ್ಪು ಮಾಡಿದೆ. ಓದಿದ್ದರ ಬಗ್ಗೆ ಒಂದು ಪುಟ ವರದಿ ಬರೆದು ತಾ ಎಂದೆ. ಸೋಮವಾರ ಪುಸ್ತಕ ಹಿಂದಿರುಗಿತು, ವರದಿ ಬರಲಿಲ್ಲ. ಮುಂದಿನ ಶನಿವಾರ ಅವನು ಎಲ್ಲಕ್ಕಿಂತ ಕಡಿಮೆ ಪುಟಗಳಿದ್ದ ಪುಸ್ತಕವನ್ನು ಹುಡುಕಿ ತೆಗೆದ. ಅವನು ಆರಿಸಿಕೊಂಡಿದ್ದ ಪುಸ್ತಕವನ್ನು ನಾನೇ ಪಾಠವನ್ನಾಗಿ ಮಾಡಿಬಿಟ್ಟಿದ್ದೆ. ಅಂದಿನಿಂದ ವರದಿ ಕೇಳುವುದನ್ನು ಬಿಟ್ಟೆ. ಯಾವ ಪುಸ್ತಕ ಯಾರ ಕೈ ಸೇರಿತೆಂಬುದನ್ನಷ್ಟೇ ಬರೆದಿಟ್ಟುಕೊಂಡೆ.

ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ, ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು, 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಹೇಳಿದ್ದು ಪುಸ್ತಕಗಳಿರುವುದು ಬಳಕೆಗಾಗಿ ಎಂದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬವು ಆಮೇಲಿನ ಎರಡು. ಈ ಅನುಕ್ರಮದಲ್ಲಿ ವಿವೇಕವಿದೆ. ಪುಸ್ತಕ ಕೈಗೆ ಸಿಗದಿದ್ದರೆ ಆಯ್ಕೆಯ ಮಾತೆಲ್ಲಿಂದ ಬಂತು?

ಹಣವೇ ಇಲ್ಲವೆಂದು ಹೇಳುವಂತಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆ, ಶಾಲೆಯ ಹಂತವನ್ನು ಅನುಸರಿಸಿ, ವರ್ಷಕ್ಕೆ 5,000ದಿಂದ 20,000 ರೂಪಾಯಿಗಳವರೆಗೆ ಅನುದಾನಕ್ಕೆ ಅವಕಾಶವಿದೆ. ಊರಿನಲ್ಲಿ ಅರಿವು ಕೇಂದ್ರವೆಂಬ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ಆದರೂ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿ ಬೀಗದೊಳಗಿರುತ್ತವೆ. ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣವೆನ್ನುವುದು ಅನ್ಯಾಯ. ಪುಸ್ತಕಗಳ ಪಟ್ಟಿ ದಾಸ್ತಾನು ವಹಿಯಲ್ಲಿರುತ್ತದೆ. ವರ್ಗಾವಣೆಯಾದಾಗ ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಎರಡು ಕಡಿಮೆಯಾದರೆ ತನ್ನ ಕೈಯಿಂದ ತುಂಬಬೇಕಾದೀತೆಂಬ ಅಂಜಿಕೆ ಶಿಕ್ಷಕರಿಗಿರುತ್ತದೆ. ನಾನು ಸೇರಿದ ಒಂದು ಶಾಲೆಯಲ್ಲಿ ಬೀರು ತೆರೆದಾಗ ಎಷ್ಟೋ ಪುಸ್ತಕಗಳ ಹಾಳೆಗಳು ಅಂಟಿಕೊಂಡೇ ಇದ್ದವು. ವಹಿಯಲ್ಲಿ ಮಾತ್ರ ಒಂದೂ ಕಡಿಮೆಯಿರಲಿಲ್ಲ.

ಆಯ್ಕೆ ಮಗುವಿನದೆಂದ ಮಾತ್ರಕ್ಕೆ ಶಿಕ್ಷಕರ ಕೆಲಸ ಹಗುರವಾಗುವುದಿಲ್ಲ, ಅದು ಹೆಚ್ಚುತ್ತದೆ. ಆ ಇನ್ನೂರು ಮುನ್ನೂರು ಪುಸ್ತಕಗಳಲ್ಲಿ ಬಹುಪಾಲನ್ನು ತಾವು ಓದಿರಬೇಕು. ಹಾವಿನ ಕಥೆ ಮುಗಿಸಿದವಳಿಗೆ, ಇದನ್ನೂ ನೋಡಮ್ಮ ಎಂದು ಇನ್ನೊಂದನ್ನು ಪಕ್ಕದಲ್ಲಿಟ್ಟು ಸುಮ್ಮನಾಗಬೇಕು. ಅವಳು ಬೇಡವೆಂದರೆ ಬೇಸರಿಸಬಾರದು. ಅರ್ಧ ಓದಿ ಬಿಟ್ಟರೂ ಕೇಳಬಾರದು; ದೊಡ್ಡವರಾದ ನಾವೂ ಹಾಗೆ ಬಿಟ್ಟ ಪುಸ್ತಕಗಳಿಲ್ಲವೇ?

ಶಾಲೆಗಳ ಮೇಲ್ವಿಚಾರಣೆಯ ಹೊಣೆ ಹೊತ್ತವರಲ್ಲಿ ನನ್ನದೊಂದು ಕೋರಿಕೆಯಿದೆ. ಮಕ್ಕಳ ಕೈಯಲ್ಲಿ ಓಡಾಡಿ ಹರಿದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಲೆಕ್ಕದಿಂದ ತೆಗೆದುಹಾಕುವ ಅಧಿಕಾರವನ್ನು ಮುಖ್ಯ ಶಿಕ್ಷಕರು ಅಂಜದೆ ಚಲಾಯಿಸುವಂತೆ ಮಾಡಿಕೊಡಿ. ತಪಾಸಣೆಗೆ ಬಂದಾಗ ಎಷ್ಟು ಪುಸ್ತಕಗಳಿವೆ ಎಂದು ಕೇಳುವ ಮೊದಲು, ಈ ವಾರ ಎಷ್ಟು ಮನೆಗೆ ಹೋಗಿವೆ ಎಂದು ಕೇಳಿ.

ನಮಸ್ಕಾರ.